ಮಸ್ಕತ್ತಿನಿಂದ ಎಷ್ಟು ದೂರ

ದೊಡ್ಡನೆಕ್ಕುಂದಿ
ಮೇ 14, 2005

ಪ್ರೀತಿಯ ತಮ್ಮ ಸೀನನಿಗೆ,

ಹೇಗಿದ್ದೀಯಪ್ಪ? ರಮ್ಯ, ಮಗು ಚೆನ್ನಾಗಿದ್ದಾರಾ? ಮಸ್ಕತ್ತಿನ ಬಿಸಿಲು ಸುಡುತ್ತೆ ಅಂತಿದ್ದೆ, ತಲೆಗೆ ಎಣ್ಣೆ ಹಾಕ್ಕೋ, ಮಜ್ಜಿಗೆ ಕುಡಿ. ನಿಂದು ಚಿಕ್ಕವಯಸ್ಸಿಂದಲೂ ಉಷ್ಣದ ಮೈ. ಹಬ್ಬಕ್ಕೊಂದು ಫೋನ್ ಮಾಡೋನಿಗೆ ಇಷ್ಟೆಲ್ಲ ಹೇಳೋಕೆ ಪುರುಸೊತ್ತು ಸಿಗಲ್ಲ, ಅದಕ್ಕೇ ಈ ಕಾಗದ. ನಾನು ಗಟ್ಟಿಯಾಗಿದ್ದೀನಿ. ಅಪ್ಪನ ವಿಷಯ ಆಮೇಲೆ ಬರೀತೀನಿ.

ಹೋದ ತಿಂಗಳು ಅಮ್ಮನ ವರ್ಷದ ಕಾರ್ಯಕ್ಕೆ ಸೀರೆ ತರೋಣ ಅಂತ ಶಿವಾಜಿನಗರಕ್ಕೆ ಹೋಗಿದ್ದೆ. ರಸೆಲ್ ಮಾರ್ಕೆಟ್ ಹತ್ತಿರ ತಲೆ ಸುತ್ತಿ ಬಂತು. ಅಲ್ಲೇ ಲತೀಫ್ ಅನ್ನೋರದ್ದು ವಿಮಾನದ ಟಿಕೆಟ್ ಅಂಗಡಿ. ಪಾಪ, ಒಳಗೆ ಕೂರಿಸಿ ನೀರು ಕೊಟ್ಟರು. ಮಾತಿಗೆ ಮಾತು ಬಂದು, ನನ್ನ ತಮ್ಮ ಮಸ್ಕತ್‌ನಲ್ಲಿದ್ದಾನೆ, ಊರಿಗೆ ಬರೋಕೆ ಎರಡು ದಿನ ಹಿಡಿಯುತ್ತೆ ಅಂದೆ. ಅವರು ನಕ್ಕುಬಿಟ್ಟರು. ‘ಹಡಗಲ್ಲಿ ಬರ್ತಾರಾ ಅಕ್ಕ? ಎರಡು ಸಾವಿರದ ಮುನ್ನೂರು ಕಿಲೋಮೀಟರ್ ಚಿಲ್ರೆ. ಹತ್ತಿ ಕೂತ್ರೆ ಮೂರೂವರೆ ಗಂಟೆ. ಬಾಂಬೆ ಮೇಲೆ ಸುತ್ತಿ ಬಂದ್ರೂ ಒಂದು ದಿನ ಬೇಡ’ ಅಂದರು. ಅವರ ಜೊತೆ ನಾನೂ ನಕ್ಕೆ. ಸೀರೆ ತಗೊಳ್ಳದೆ ಬಸ್ ಹತ್ತಿ ಬಂದ್ಬಿಟ್ಟೆ.

ಅಮ್ಮ ಹೋದ ಬೆಳಗ್ಗೆ ನೀನು ಫೋನಲ್ಲಿ ಏನಂದೆ, ನೆನಪಿದೆಯಾ? ‘ಎರಡು ಕಡೆ ವಿಮಾನ ಬದಲಾಯಿಸ್ಬೇಕಕ್ಕ, ಎರಡು ದಿನ ಆಗುತ್ತೆ, ಕಾಯ್ಬೇಡಿ.’ ಅಪ್ಪ ಕೇಳಲಿಲ್ಲ. ಐಸ್ ತರಿಸಿ ಅಮ್ಮನ ಸುತ್ತ ಇಡಿಸಿ, ನನ್ನ ಮಗ ಬರೋವರೆಗೂ ಎತ್ತೋಕೆ ಬಿಡಲ್ಲ ಅಂತ ತಲೆದೆಸೇಲಿ ಕೂತುಬಿಟ್ಟರು. ಕೊನೆಗೆ ಆದಿನಾರಾಯಣ ಚಿಕ್ಕಪ್ಪ, ‘ಬೇಸಿಗೆ ಕಣಣ್ಣ, ಎರಡು ದಿನ ಇಡೋಕಾಗಲ್ಲ’ ಅಂತ ಅವರ ರಟ್ಟೆ ಹಿಡಿದು ಎಬ್ಬಿಸಿದರು. ಕೊಳ್ಳಿ ಇಟ್ಟಿದ್ದೂ ಚಿಕ್ಕಪ್ಪನೇ. ಸಂಜೆವರೆಗೆ ಕಾಯಿರಿ ಅಂದಿದ್ದರೆ ನಾವೆಲ್ಲ ಕಾಯ್ತಿದ್ದೆವು, ಸೀನ. ರಜ ಸಿಗಲಿಲ್ಲ ಅಂದಿದ್ದರೂ ನಂಬ್ತಿದ್ದೆ. ಮನಸ್ಸಿಲ್ಲ ಅಂದಿದ್ದರೆ ಬಾಯಿಗೆ ಬಂದ ಹಾಗೆ ಬೈದು ಸುಮ್ಮನಾಗ್ತಿದ್ದೆ.

ಅಲ್ಲಿಂದೀಚೆಗೆ ಅಪ್ಪ ಜಗಲಿ ಮೇಲೆ ಕೂತು, ಮಾರತ್ತಹಳ್ಳಿ ಮೇಲೆ ತಗ್ಗಿ ಇಳಿಯೋ ವಿಮಾನ ನೋಡಿದಾಗಲೆಲ್ಲ, ‘ಪಾಪ, ನಮ್ ಸೀನ ಎಷ್ಟು ದೂರದಲ್ಲವ್ನೆ’ ಅಂತಿದ್ದರು. ಲತೀಫ್ ಹೇಳಿದ್ದನ್ನ ನಾನು ಅವರ ಕಿವಿಗೆ ಹಾಕಲಿಲ್ಲ. ನಿನ್ನ ಮೇಲಿನ ಕರುಣೆಗಲ್ಲ. ಅದನ್ನ ಕೇಳಿದ್ದರೆ ಅವರು ಅಂದೇ ಒಡೆದುಹೋಗ್ತಿದ್ದರು. ಸಿಟ್ಟನ್ನೆಲ್ಲ ನನ್ನ ಹತ್ತಿರವೇ ಇಟ್ಟುಕೊಂಡೆ.

ರಮ್ಯಳನ್ನ ಕೇಳಿದೆ ಅಂತ ಹೇಳು. ಮಗುವಿಗೆ ದೃಷ್ಟಿ ತೆಗೀತಾ ಇರಿ. ಅವನು ದೊಡ್ಡವನಾದ ಮೇಲೆ ನಿನ್ನ ಪಕ್ಕದ ಬೀದೀಲೇ ಮನೆ ಮಾಡ್ಲಿ ಅಂತ ಹರಸ್ತೀನಿ.

ಇಂತಿ ನಿನ್ನ ಒಡಹುಟ್ಟಿದ
ಆಂಜನಮ್ಮ

ಮರೆತಿದ್ದೆ: ಏಪ್ರಿಲ್ ಕೊನೇಲಿ ಅಪ್ಪನಿಗೆ ಲಕ್ವ ಹೊಡೀತು. ತೊದಲ್ತಾ, ‘ಸೀನಂಗೆ ಫೋನ್ ಮಾಡಮ್ಮ’ ಅಂದರು. ಬೂತಿಗೆ ಹೋಗಿ, ನಂಬರ್ ಒತ್ತದೆ ವಾಪಸ್ ಬಂದೆ. ‘ಹೊರಟವ್ನಂತೆ ಅಪ್ಪ’ ಅಂದೆ. ಬಾಗಿಲ ಕಡೆ ಮುಖ ಮಾಡಿಸ್ಕೊಂಡು ಮಲಗಿದರು, ಹಾಗೇ ಹೋದರು. ನಿನ್ನೆ ಹನ್ನೊಂದನೇ ದಿನದ ಕಾರ್ಯ ಮುಗೀತು. ನಾನು ಫೋನ್ ಮಾಡಿದೆ, ನೀನು ಬರಲ್ಲ ಅಂದೆ ಅಂತ ಚಿಕ್ಕಪ್ಪನಿಗೂ ಊರಿಗೂ ಹೇಳಿದ್ದೀನಿ. ಬಂದು ಸುಳ್ಳು ಅಂತ ಹೇಳು. ಇಲ್ಲಿ ನಿನ್ನ ಮಾತು ಯಾರು ನಂಬ್ತಾರೆ ನೋಡೋಣ.