ಜ್ವರಕ್ಕೆ ಕೂತ ಹುಳು

ಮುಳಬಾಗಿಲು, ಶುಕ್ರವಾರ

ನಾರೆಪ್ಪನವರಿಗೆ ನಮಸ್ಕಾರ.

ನಿಮ್ಮ ಮಗಳು ಪಲ್ಲವಿ ಬಿ.ಎಸ್‌ಸಿ. ಕೊನೆಯ ವರ್ಷದ ಮೇಜರ್ ವಿಷಯವನ್ನು ಇನ್ನೂ ಆರಿಸಿಲ್ಲ. ಕಚೇರಿಯ ಸುನಂದ ಮೇಡಂ ಇಂದು ತಿಳಿಸಿದರು. ಕೆಮಿಸ್ಟ್ರಿ, ಜುವಾಲಜಿ ಎರಡರಲ್ಲೂ ಅವಳು ಮುಂದಿದ್ದಾಳೆ, ತೊಡಕೂ ಅದೇ. ಎರಡನ್ನೂ ವಿವರಿಸಿ ನನಗೂ ಸುಸ್ತಾಗಿದೆ. ನೀವು ಫೋನಿನಲ್ಲಿ, “ಯಾವ್ದೋ ಒಂದು ನೀವೇ ಬರ್ಕೊಂಬಿಡಿ ಸಾರ್, ದಿನಾ ಕೇಳಿ ಕೇಳಿ ಸಾಕಾಗೋಗೈತೆ” ಎಂದಾಗ ನಾನು ಹೂಂ ಎಂದಿದ್ದೆ.

ಮಧ್ಯಾಹ್ನ ಪಲ್ಲವಿಯೇ ಬಂದಳು. “ರೇಷ್ಮೆ ಹುಳು ಪೊರೆ ಬಿಡೋಕೆ ಜ್ವರಕ್ಕೆ ಕೂತ್ರೆ ಅಪ್ಪ ಸೊಪ್ಪು ಹಾಕಲ್ಲ ಸಾರ್, ಯಾರನ್ನೂ ಮುಟ್ಟೋಕೂ ಬಿಡಲ್ಲ. ಪೊರೆ ಬಿಟ್ಟು ಅದೇ ತಲೆ ಎತ್ತೋವರ್ಗೂ ಕಾಯ್ತಾರೆ. ನನ್ನನ್ನ ಮಾತ್ರ ಊಟಕ್ಕೆ ಕೂತ್ರೂ ಬಿಡಲ್ಲ” ಎಂದಳು. ಅವಳ ಅರ್ಜಿಯಲ್ಲಿ ನಾನು ಯಾವ ವಿಷಯವನ್ನೂ ಬರೆಯಲಿಲ್ಲ.

ಸೋಮವಾರದವರೆಗೆ ಮನೆಯಲ್ಲಿ ಈ ಮಾತು ಎತ್ತಬೇಡಿ. ಅವಳ ತಾಯಿ ಅನಸೂಯಮ್ಮನವರಿಗೂ ಹೇಳಿ. ನಾನೂ ಕೇಳುವುದಿಲ್ಲ. ಅಂದೂ ಅವಳು ಆರಿಸದಿದ್ದರೆ ಸೀಟು ಉಳಿದಿರುವ ವಿಷಯಕ್ಕೆ ಕಾಲೇಜೇ ಸೇರಿಸುತ್ತದೆ, ವರ್ಷವಿಡೀ ಅದನ್ನೇ ಓದಬೇಕು. ಅದು ಅವಳಿಗೂ ಗೊತ್ತು.

ಅವಳೊಬ್ಬಳನ್ನೇ ಕಳಿಸಿ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ವಿಷಯ ಬರೆದುಕೊಳ್ಳಲು ಅವಳ ಹೆಸರು ಕರೆಯುತ್ತಾರೆ.

ಇತಿ,
ಗಂಗಾಧರ್, ಅಧ್ಯಾಪಕ