ಎರಡು ಕೈಗಳ ಸಾಕ್ಷಿ

ಸೋಮವಾರ, ಮಧ್ಯಾಹ್ನ
ಜ್ಯೂಸ್ ಅಂಗಡಿಯ ಗಲ್ಲಾದ ಹಿಂದಿನಿಂದ

ನನ್ನ ಮುದ್ದು ಗುಬ್ಬಿಗೆ,

ಅಮ್ಮನ ಆಶೀರ್ವಾದ, ಜೊತೆಗೆ ಈ ಸಲ ಒಂದು ನಮಸ್ಕಾರವೂ ಇರಲಿ. ತಾಯಿ ಮಗಳಿಗೆ ನಮಸ್ಕಾರ ಹೇಳಬಾರದು ಎನ್ನಬೇಡ, ಹೇಳಿಯಾಯಿತು. ಫೋನು ಮಾಡಿದರೆ ಲ್ಯಾಬಿನಲ್ಲಿದ್ದೇನೆ, ಆಮೇಲೆ ಮಾತಾಡೋಣ ಎಂದು ಇಟ್ಟುಬಿಡುತ್ತೀಯ. ಪತ್ರದ ಬಾಯಿ ಮುಚ್ಚಿಸಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕವಳಿದ್ದಾಗ ನೀನು ನಮ್ಮ ಗಡಿಯಾರ ನೋಡಿ ಸುಮ್ಮನಾಗುತ್ತಿರಲಿಲ್ಲ. ಪಕ್ಕದ ಮನೆಗೆ ಓಡಿ ಅವರದ್ದನ್ನೂ ನೋಡಿ ಬರುತ್ತಿದ್ದೆ. ನಿಮ್ಮಪ್ಪ ನಿನ್ನನ್ನು ಅನುಮಾನದ ಪಿಶಾಚಿ ಎನ್ನುತ್ತಿದ್ದರು. ಆ ಪಿಶಾಚಿಗೆ ದೊಡ್ಡಾಸ್ಪತ್ರೆಯವರು ಸಂಬಳ ಕೊಟ್ಟು ಅದೇ ಕೆಲಸ ಮಾಡಿಸುತ್ತಾರೆಂದು ಯಾರು ಕನಸು ಕಂಡಿದ್ದರು? ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರವನ್ನು ರೋಗಿಗಳ ಮನೆಗೆ ಕೊಡುವ ಮೊದಲು, ಅದು ಹೇಳುವುದು ನಿಜವೋ ಸುಳ್ಳೋ ಎಂದು ಲ್ಯಾಬಿನ ಲೆಕ್ಕದೊಂದಿಗೆ ನೀನು ತಾಳೆ ನೋಡಬೇಕಿತ್ತು. ಪರೀಕ್ಷೆಗೆಂದು ಯಂತ್ರ ಒಯ್ದವರಲ್ಲಿ ಸಕ್ಕರೆ ಕಾಯಿಲೆಯ ನಾನೂ ಒಬ್ಬಳಾದೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಅಂಗಡಿಯಲ್ಲಿ ಚುಚ್ಚಿಕೊಂಡಾಗಲೆಲ್ಲ ಇನ್ನೂರರ ಮೇಲೆ. ಆಸ್ಪತ್ರೆಯಲ್ಲಿ ತೋಳಿನಿಂದ ರಕ್ತ ತೆಗೆದರೆ ಅಷ್ಟಿಲ್ಲ. ನಮ್ಮ ಬೀದಿಯ ಡಾಕ್ಟರು ನಕ್ಕು, ಆಸ್ಪತ್ರೆಗೆ ಹೋಗುವ ದಿನ ಮಾತ್ರ ಪಥ್ಯ ಮಾಡುತ್ತೀರಿ ಎಂದು ಮಾತ್ರೆ ಹೆಚ್ಚಿಸಿದರು. ನಿಮ್ಮಪ್ಪ ಸಕ್ಕರೆ ಡಬ್ಬಿಯ ಮುಚ್ಚಳಕ್ಕೆ ದಾರ ಕಟ್ಟಿ ಗಂಟು ಹಾಕಿದರು. ಊರಿಗೆಲ್ಲ ಸಿಹಿ ಕುಡಿಸುವವಳು ತಾನೊಂದು ಗುಟುಕು ಹಾಕದೆ ಇರುತ್ತಾಳೆಯೇ ಎಂದು ಗಿರಾಕಿಗಳ ಮುಂದೆಯೇ ಹಂಗಿಸಿದರು. ನಾನು ತಿಂದಿಲ್ಲವೆಂಬುದು ನನಗಂತೂ ಚೆನ್ನಾಗಿ ಗೊತ್ತಿತ್ತು. ಯಾರೇನೆಂದರೂ ಕ್ಯಾರೇ ಅನ್ನಲಿಲ್ಲ.

ಒಂದು ದಿನ ಕೈಕಾಲು ನಡುಗಿ, ಬೆವರು ಕಿತ್ತುಕೊಂಡು ಬಂದು, ಮಿಕ್ಸಿಯ ಪಕ್ಕದಲ್ಲೇ ಕುಸಿದೆ. ನಿಮ್ಮಪ್ಪ ಓಡಿ ಬಂದು ಮೊದಲು ನನ್ನ ಬೆರಳು ಚುಚ್ಚಿದರು. ಆಗಲೂ ಇನ್ನೂರ ಮೂವತ್ತು! ಎದುರಿಗಿದ್ದ ಹಣ್ಣಿನ ರಸದ ಲೋಟವನ್ನು ದೂರ ಸರಿಸಿದರು. ಗಿರಾಕಿಯೊಬ್ಬಳು ಅವರ ಮಾತು ಕೇಳದೆ ಅದನ್ನೇ ಕುಡಿಸಿದಳು, ನಾನು ಎದ್ದು ಕೂತೆ. ಅದಕ್ಕೂ ನಿಮ್ಮಪ್ಪ, ಕುಡುಕರಿಗೆ ಕುಡಿದರೇ ಜೀವ ಬರುವುದು ಎಂದರು. ಯಂತ್ರ ಹೇಳಿದ್ದೇ ವೇದವಾಕ್ಯವಾಗಿತ್ತು. ಡಾಕ್ಟರು ಇನ್ಸುಲಿನ್ ಮಾತೆತ್ತಿದರು. ಇನ್ನೊಂದು ಸಲ ಬಿದ್ದರೆ ಏಳುತ್ತೇನೋ ಇಲ್ಲವೋ ಎಂದು ನನಗೆ ಭಯವಾಗಿತ್ತು, ಗುಬ್ಬಿ.

ಅಲ್ಲಿ ಆಸ್ಪತ್ರೆಯಲ್ಲಿ ನಿನ್ನ ಮೇಲಿನವರು, ಈ ಹೆಂಗಸಿಗೆ ಯಂತ್ರ ಹಿಡಿಯಲು ಬರುವುದಿಲ್ಲ, ಇವಳನ್ನು ಲೆಕ್ಕದಿಂದ ಕೈಬಿಡು ಎಂದರಂತೆ. ನಾಳೆ ಇದನ್ನು ಮನೆಗೆ ಒಯ್ಯುವವರೆಲ್ಲ ನನ್ನಮ್ಮನಂಥವರೇ, ಬಿಡುವುದಿಲ್ಲ ಎಂದು ನೀನು ಪಟ್ಟು ಹಿಡಿದೆಯಂತೆ. ಇದನ್ನು ನೀನು ನನಗೆ ಹೇಳಲೇ ಇಲ್ಲ. ನಿನ್ನ ಜೊತೆ ಕೆಲಸ ಮಾಡುವವಳು ಹೇಳಿದಳು.

ನೀನು ರಜೆ ಹಾಕಿ ಬಂದು ಒಂದೇ ಸಲ ಕೇಳಿದೆ, ಏನಾದರೂ ತಿಂದೆಯಾ ಎಂದು. ನಾನು ಇಲ್ಲವೆಂದೆ.

"ಸರಿ, ತಿಂದಿಲ್ಲ. ಹಾಗಾದ್ರೆ ತಪ್ಪು ಎಲ್ಲಿದೆ ಅಂತ ನೋಡೋಣ" ಎಂದು ನೀನು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತುಬಿಟ್ಟೆ.

ನಾನು ಎಂದಿನಂತೆ ಕಿತ್ತಳೆ ಸುಲಿದು, ಆಸ್ಪತ್ರೆಯ ನರ್ಸಮ್ಮ ಕಲಿಸಿದ ಹಾಗೆಯೇ ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿದೆ. ನೀನು ಥಟ್ಟನೆ ನನ್ನ ಕೈ ಹಿಡಿದೆ. ಎಡಗೈ ಹಾಗೇ ಇರಲಿ ಎಂದು ಬಲಗೈಯನ್ನು ಮಾತ್ರ ಸೋಪು ಹಾಕಿ ತೊಳೆಸಿ ಒಣಗಿಸಿದೆ. ಎಡಗೈ ಇನ್ನೂರರ ಮೇಲೆ, ಬಲಗೈ ನೂರರೊಳಗೆ. ಒಂದೇ ಮೈಯಲ್ಲಿ ಎರಡು ಸಕ್ಕರೆ! ಸ್ಪಿರಿಟ್ ಕ್ರಿಮಿ ಕೊಲ್ಲುತ್ತದೆ, ಬೆರಳಿಗೆ ಅಂಟಿದ ಹಣ್ಣಿನ ಸಕ್ಕರೆಯನ್ನು ಪೂರ್ತಿ ತೆಗೆಯುವುದಿಲ್ಲ ಎಂದು ನೀನು ಬಿಡಿಸಿ ಹೇಳಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ನೋಡು, ಕೈ ಸಿಹಿಯಾಗಿ ಬಾಯಿಗೆ ಕೆಟ್ಟ ಹೆಸರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವವಳು ನೀನು. ಆಗಲೇ ನನ್ನ ತೋಳಿನಿಂದ ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದೆ. ಅದು ತೊಳೆದ ಕೈಯ ಪರವಾಗಿಯೇ ಸಾಕ್ಷಿ ಹೇಳಿತು. ಅಷ್ಟಕ್ಕೂ ಬಿಡದೆ, ಸಕ್ಕರೆ ಕಾಯಿಲೆಯೇ ಇಲ್ಲದ ನಿಮ್ಮಪ್ಪನಿಂದ ಕಿತ್ತಳೆ ಸುಲಿಸಿ ಬೆರಳು ಚುಚ್ಚಿದೆಯಲ್ಲ, ಯಂತ್ರದಲ್ಲಿ ತಮಗೂ ಇನ್ನೂರು ದಾಟಿದ್ದು ನೋಡಿದವರೇ ಅವರು ಗೋಡೆ ಹಿಡಿದು ಕೂತರು. ಆ ಮುಖ ನೆನೆದು ನಾನು ಈಗಲೂ ಒಬ್ಬಳೇ ನಗುತ್ತೇನೆ.

ಮಾತ್ರೆ ಹೆಚ್ಚಾಗಿ ಸಕ್ಕರೆ ತೀರಾ ಇಳಿದೇ ನಾನು ಅಂದು ಬಿದ್ದದ್ದಂತೆ, ಡಾಕ್ಟರು ಈಗ ಮಾತ್ರೆ ಇಳಿಸಿದ್ದಾರೆ. ಆಮೇಲೆ ನಾನು ಬಿದ್ದಿಲ್ಲ. ಯಂತ್ರದ ಪೆಟ್ಟಿಗೆಯ ಮೇಲೆ ಕೈ ತೊಳೆಯುವ ಮಾತನ್ನು ದಪ್ಪಕ್ಷರದಲ್ಲಿ ಹಾಕಿಸಿದೆಯಂತೆ, ಕೇಳಿ ಹೆಮ್ಮೆಯಾಯಿತು. ನೀನು ಯಂತ್ರವನ್ನು ಕಣ್ಣುಮುಚ್ಚಿ ನಂಬಲೂ ಇಲ್ಲ, ಸಿಟ್ಟಿನಿಂದ ಬಿಸಾಡಲೂ ಇಲ್ಲ. ಎಲ್ಲರೂ ನನ್ನ ಬಾಯಿಯನ್ನು ಅನುಮಾನಿಸಿದಾಗ ಬೆರಳನ್ನು ಅನುಮಾನಿಸಿದವಳು ನೀನೊಬ್ಬಳೇ. ನಿನ್ನನ್ನು ಹೆತ್ತದ್ದಕ್ಕೆ ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಕೈ ತೊಳೆದುಕೊಂಡೇ ಬರೆದ,
ನಿನ್ನ ಅಮ್ಮ

ಮರೆತ ಮಾತು: ಮೇಲೆ ಒಂದು ಸುಳ್ಳಿದೆ. ನಿನ್ನಂಥವಳಿಗೆ ತಪ್ಪು ಲೆಕ್ಕ ಕೊಡಬಾರದು, ಅದಕ್ಕೇ ತಿದ್ದುತ್ತಿದ್ದೇನೆ. ನಾನು ತಿಂದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಕದಿಯದ ನಾನೂ ಹೆಗಲು ಮುಟ್ಟಿ ನೋಡಿಕೊಂಡೆ. ನಿದ್ದೆಗಣ್ಣಿನಲ್ಲಿ ಎದ್ದು ತಿನ್ನುತ್ತೇನೇನೋ ಎಂದು ಹೆದರಿ, ಸಕ್ಕರೆ ಡಬ್ಬಿಗೆ ದಾರ ಕಟ್ಟಿ ಎಂದು ನಿಮ್ಮಪ್ಪನಿಗೆ ಹೇಳಿದವಳೇ ನಾನು. ನೀನು "ಸರಿ, ತಿಂದಿಲ್ಲ" ಅಂದೆಯಲ್ಲ, ನನಗೆ ನನ್ನ ಮೇಲೆ ನಂಬಿಕೆ ಬಂದದ್ದು ಆಗಲೇ.