ಅಮಾವಾಸ್ಯೆಯ ಲಿಂಬೆಹಣ್ಣು

ಜುಲೈ 22, ಮಂಗಳವಾರ

ಲಿಟ್ಮಸ್ ಕಾಗದ ಇವತ್ತೂ ಇಲ್ಲ. ಹೆಡ್‌ಮಾಸ್ತರ್ ಸುಭಾಷ ಸರ್ ಅವರದು ಅದೇ ರಾಗ — "ಗ್ರಾಂಟ್ ಬರಲಿ ತಡೀರಿ, ಶಾಲನಬಾಯಿ." ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿಗೆ ಗ್ರಾಂಟ್ ಬರುವಷ್ಟರಲ್ಲಿ ನನಗೆ ಪೆನ್ಶನ್ ಬಂದೀತು. ಹೋಗಲಿ. ಸಾಂಗ್ಲಿ ಸೀಮೆಯಲ್ಲಿ ಅರಿಶಿಣಕ್ಕೇನು ಬರ? ಅರಿಶಿಣ, ಸುಣ್ಣ, ಲಿಂಬೆಹಣ್ಣು… ಇಷ್ಟರಲ್ಲೇ ಆಮ್ಲ-ಪ್ರತ್ಯಾಮ್ಲ ತೋರಿಸುತ್ತೇನೆ.

ಆಗಸ್ಟ್ ಎರಡಕ್ಕೆ ಮಿರಜಿನಲ್ಲಿ ವಿಜ್ಞಾನ ಪ್ರದರ್ಶನ. ಸಪನಾಳನ್ನೇ ನಿಲ್ಲಿಸಬೇಕು. ಕ್ಲಾಸಿನಲ್ಲಿ ಪ್ರಶ್ನೆ ಕೇಳುವವಳು ಅವಳೊಬ್ಬಳೇ. ಉಳಿದವರು ಬರೆದುಕೊಳ್ಳುತ್ತಾರೆ, ಅಷ್ಟೇ.

ಜುಲೈ 24, ಗುರುವಾರ

ಪ್ರಯೋಗ ಭರ್ಜರಿ ಆಯಿತು! ಅರಿಶಿಣ ಹಚ್ಚಿದ ಕಾಗದಕ್ಕೆ ಸುಣ್ಣದ ನೀರು — ಕೆಂಪು. ಲಿಂಬೆರಸ — ಮತ್ತೆ ಹಳದಿ. ಹುಡುಗರು ಬೆಂಚು ಹತ್ತಿ ನಿಂತಿದ್ದರು. ಸಪನಾ ತಾನೇ ಲಿಂಬೆ ಹಿಂಡಿದಳು, ಬಿಡಲೊಲ್ಲಳು.

ಆಮೇಲೆ ಮನೆಗೆ ಹೋಗುವ ಮಿರಜ್ ಬಸ್ಸಿನ ಗಡಿಬಿಡಿ. ಹಿಂಡಿದ ಹೋಳು, ಉಳಿದ ಕೆಂಪು ನೀರು ಎಲ್ಲ ಗೇಟಿನ ಹೊರಗೆ ಸುರಿದು ಓಡಿದೆ.

ಜುಲೈ 25, ಶುಕ್ರವಾರ

ಅರ್ಧ ಕ್ಲಾಸು ಖಾಲಿ. ನಿನ್ನೆ ಅಮಾವಾಸ್ಯೆಯಂತೆ! ಹೊತ್ತು ಮುಳುಗುವಾಗ ದಾರಿಯಲ್ಲಿ ಕೆಂಪು ಹಚ್ಚಿದ ಲಿಂಬೆಹೋಳು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಊರೆಲ್ಲ ಗುಲ್ಲು. ಬುಧವಾರ ಚತುರ್ದಶಿಯ ಉಪವಾಸ ಮಾಡಿದವಳು ನಾನು. ಮರುದಿನ ಅಮಾವಾಸ್ಯೆ ಎಂದು ಹೊಳೆಯಬಾರದೆ ಈ ಮೊದ್ದು ತಲೆಗೆ?

ಸಪನಾಳ ಅಜ್ಜಿ ಮಾಳವ್ವ ಅದನ್ನು ದಾಟಿದ್ದಾಳೆ. ರಾತ್ರಿಯಿಂದ ಜ್ವರ. ಸಪನಾಳ ಶಾಲೆ ಬಂದ್.

ಸುಭಾಷ ಸರ್: "ಪುಸ್ತಕದಾಗ ಚಿತ್ರ ಐತೆಲ್ಲ ಶಾಲನಬಾಯಿ, ಅದನ್ನ ತೋರಿಸಿದ್ರ ಸಾಕಾಗ್ತಿದ್ದಿಲ್ಲೇನು?" ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆದೆ. ನಿಂತಿದ್ದರೆ ಜಗಳ.

ಜುಲೈ 28, ಸೋಮವಾರ

ಉಳಿದವರೆಲ್ಲ ಬಂದರು. ಸಪನಾ ಇಲ್ಲ. ಅರಿಶಿಣ-ಸುಣ್ಣ ಕಟ್ಟಿಕೊಂಡು ಅವರ ಮನೆಗೇ ಹೋದೆ. ಹೊರಸಿನ ಮೇಲೆ ಮಲಗಿದ್ದ ಮಾಳವ್ವನೆದುರು ಕಲಸಿ ತೋರಿಸಿದೆ. ಮುದುಕಿ ನಕ್ಕಳು.

"ಅರಿಶಿಣಕ್ಕ ಸುಣ್ಣ ಕೂಡಿದ್ರ ಕೆಂಪಾಗೂದು ನನಗ ಗೊತ್ತಿಲ್ಲೇನ್ರಿ ಅಕ್ಕೋರ? ಲಗ್ನದಾಗ ಆರತಿ ನೀರು ಕಲಸಾಕಿ ನಾನ. ಬಣ್ಣದ ಮಾತಲ್ಲರಿ. ಅಮಾಸಿ ದಿನ ಲಿಂಬಿಹಣ್ಣ ದಾರ್ಯಾಗ ಒಗದೀರಿ."

ಬಾಗಿಲ ಬಳಿ ನಿಂತಿದ್ದ ಸಪನಾ ಸಿಟ್ಟಿಗೆದ್ದಳು. "ಅಜ್ಜೀ, ಅದೆಲ್ಲಾ ಸುಳ್ಳ ಐತಿ! ಮಳ್ಯಾಗ ತೊಯಿಸಿಕೊಂಡಿ, ಅದಕ್ಕ ಜ್ವರ ಬಂದಾವ."

ಮಾಳವ್ವ ಅವಳ ಕಡೆ ನೋಡಲೇ ಇಲ್ಲ. "ಒಗದವರು ನೀವು. ಈಕಿ ಜೋಡಿ ಕುಂದ್ರಿ, ದೃಷ್ಟಿ ತಗೀತೀನಿ. ನಾಡಿದ್ದ ಸಾಲಿಗೆ ಕಳಸ್ತೀನಿ."

ಒಂದು ತಾಸು ವಾದ ಮಾಡಿದೆ. ಗೋಡೆಗೆ ಹೇಳಿದಂತೆ. ಕೊನೆಗೆ ಸಾಕೆನಿಸಿತು. ಹುಡುಗಿ ಬಂದರೆ ಸಾಕು… ಕುಳಿತೆ. ಸಪನಾ ನನ್ನನ್ನೊಮ್ಮೆ ನೋಡಿ, ಪಕ್ಕದಲ್ಲಿ ಕುಳಿತಳು. ಮುದುಕಿ ಲಿಂಬೆಹಣ್ಣು ನಿವಾಳಿಸಿ ಹೊರಗೆ ಒಗೆದಳು. ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು — ಯಾರ ಮೇಲಿನ ಸಿಟ್ಟೋ.

ಜುಲೈ 30, ಬುಧವಾರ

ಸಪನಾ ಬಂದಳು! ಶಾಲೆ ಬಿಟ್ಟ ಮೇಲೆ ಪ್ರ್ಯಾಕ್ಟಿಸ್. ಕಾಗದ ಹಚ್ಚಿದಳು, ಸುಣ್ಣದ ನೀರು ಹಾಕಿದಳು, ಮಿರಜಿನ ಪರೀಕ್ಷಕರಿಗೆ ತಿಳಿಯಲೆಂದು ಮರಾಠಿಯಲ್ಲಿ ಪಟಪಟ ವಿವರಿಸಿದಳು. ಲಿಂಬೆಹಣ್ಣಿನ ಹತ್ತಿರ ಕೈ ನಿಂತಿತು.

"ಇದನ್ನ ನೀವ ಹಿಂಡ್ರಿ ಅಕ್ಕೋರ. ನಾ ಮುಟ್ಟಂಗಿಲ್ಲ."

"ಯಾಕ? ಸುಳ್ಳ ಐತಿ ಅಂತ ಅಜ್ಜಿ ಮುಂದ ನೀನ ಹೇಳಿದೆಲ್ಲ?"

"ಹೇಳಿದ್ನಿರಿ. ಆದರ ಆಮ್ಯಾಲ ನೀವು ಕುಂತ್ರಿ."

ಅಣಕವಲ್ಲ. ಪಾಠದಲ್ಲಿ ತಿಳಿಯದ್ದನ್ನು ಕೇಳುವಾಗಿನ ಮುಖವೇ. ಸುಳ್ಳೆಂದರೆ ನಾನು ಕುಳಿತದ್ದೇಕೆ? ಖರೆ ಎಂದರೆ… ಪಕ್ಕಕ್ಕೆ ಕರೆದು ಕೂಡಿಸಿಕೊಂಡೆ.

"ನೋಡವಾ ಸಪನಾ, ನಾ ಅವತ್ತ ಕುಂತದ್ದು…" ಎಂದೆ. ಮುಂದೆ ಖರೆಯನ್ನೇ ಹೇಳಿದೆ: "ನೀ ಸಾಲಿಗೆ ಬರಲಿ ಅಂತ ಅಷ್ಟ, ಸುಳ್ಳ ಅಂತ ಗೊತ್ತಿದ್ದೂ ಕುಂತೆ" ಎಂದು, ಲಿಂಬೆಹಣ್ಣನ್ನು ನಮ್ಮಿಬ್ಬರ ನಡುವೆ ಇಟ್ಟೆ.